ಜೋಡಿರೆಕ್ಕೆಯ ಕತ್ತಿಮೀನು

ವಿಮಾನಗಳ ಹಳೆಯ ಚಿತ್ರಗಳನ್ನು ನೋಡುವಾಗ ಒಂದು ಸಂಗತಿ ನಮ್ಮ ಗಮನವನ್ನು ಒಡನೆಯೇ ಸೆಳೆಯುತ್ತದೆ. ಇಂದಿನ ವಿಮಾನಕ್ಕೆ ಬಲಕ್ಕೊಂದು, ಎಡಕ್ಕೊಂದು ರೆಕ್ಕೆ. ಅಂದಿನ ವಿಮಾನಗಳಲ್ಲಿ ಹೆಚ್ಚಿನವಕ್ಕಾದರೋ ಒಂದರ ಮೇಲೊಂದರಂತೆ ಎರಡು ಅಂತಸ್ತು ರೆಕ್ಕೆಗಳು. ಅವುಗಳ ನಡುವೆ ನಿಲ್ಲಿಸಿದ ಕಂಬಗಳು, ಕಂಬದಿಂದ ಕಂಬಕ್ಕೆ ಮೂಲೆಯಿಂದ ಮೂಲೆಗೆ ಬಿಗಿದ ತಂತಿಗಳು. 1903ರ ಡಿಸೆಂಬರ್ 17ರಂದು ರೈಟ್ ಸಹೋದರರು ಹಾರಿಸಿದ ವಿಮಾನವೂ ಹೀಗೆಯೇ ಇದ್ದಿತು. ಇಂಥ ವಿಮಾನಕ್ಕೆ ಇಂಗ್ಲಿಷಿನಲ್ಲಿ ಬೈಪ್ಲೇನ್ ಎಂದು ಹೆಸರು. ನಾವು ಇದನ್ನು ಜೋಡಿರೆಕ್ಕೆಯ ವಿಮಾನ ಎನ್ನೋಣ.

1930ರ ದಶಕದ ಕೊನೆಯ ಹೊತ್ತಿಗೆ ಒಂಟಿ ಅಂತಸ್ತಿನ, ಲೋಹದ ಹೊದಿಕೆಯ, ಗಂಟೆಗೆ 500 ಕಿಲೋಮೀಟರಿಗೂ ಹೆಚ್ಚು ವೇಗದ ಯುದ್ಧವಿಮಾನಗಳು ಬಂದವು. ಜೋಡಿರೆಕ್ಕೆಯ ಕಾಲ ಮುಗಿಯಿತೆಂದೇ ಬಹುಮಂದಿ ತಿಳಿದರು. ಆದರೂ ಎರಡನೆಯ ಮಹಾಯುದ್ಧದಲ್ಲಿ ಬಟ್ಟೆ ಹೊದಿಸಿದ ಒಂದು ಜೋಡಿರೆಕ್ಕೆಯ ವಿಮಾನ ಮಹಾನೌಕೆಗಳನ್ನು ಕೆಡವಿತು. ಬ್ರಿಟಿಷ್ ನೌಕಾಪಡೆಯ ಆ ವಿಮಾನದ ಹೆಸರು ಸ್ವೋರ್ಡ್‌ಫಿಷ್, ಎಂದರೆ ಕತ್ತಿಮೀನು. ಅದೇ ವಿಮಾನಗಳು ಆರು, 1942ರ ಫೆಬ್ರುವರಿಯ ಒಂದು ಮಧ್ಯಾಹ್ನ ಶತ್ರುನೌಕೆಗಳನ್ನು ಎದುರಿಸಲು ಹೋದವು. ಆರರಲ್ಲಿ ಒಂದೂ ಹಿಂದಿರುಗಲಿಲ್ಲ.

ಒಂದು ಕಡೆ ಅಂಥ ಗೆಲುವು, ಇನ್ನೊಂದು ಕಡೆ ಇಂಥ ದುರಂತ. ಮೊದಲನೆಯದನ್ನು ಅದೃಷ್ಟವೆಂದೂ ಎರಡನೆಯದನ್ನು ದುರದೃಷ್ಟವೆಂದೂ ಹೇಳಿ ಮುಗಿಸಬಹುದೆ? ಭೌತಶಾಸ್ತ್ರವನ್ನು ಓದುವವರು ಹಾಗೆ ಮುಗಿಸಲಾಗದು. ಎರಡಕ್ಕೂ ಮುಖ್ಯ ಕಾರಣವೊಂದೇ, ಆ ವಿಮಾನದ ನಿಧಾನಗತಿ. ಅದು ಹೇಗೆಂಬುದನ್ನು ಒಂದೊಂದಾಗಿ ಪರಿಶೀಲಿಸೋಣ.

ರೆಕ್ಕೆಗಳು ಎರಡೇಕೆ?

ಒಂದು ಮರದ ಅಡಿಕೋಲನ್ನು ತೆಗೆದುಕೊಂಡು, ಅದರ ಎರಡು ತುದಿಗಳನ್ನು ಎರಡು ಪುಸ್ತಕಗಳ ಮೇಲೆ ಮಲಗಿಸಿ, ನಡುವೆ ಬೆರಳಿನಿಂದ ಒತ್ತಿರಿ. ಅದು ಸುಲಭವಾಗಿ ಬಾಗುತ್ತದೆ. ಈಗ ಅದೇ ಅಡಿಕೋಲನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತಿರಿ. ಬಾಗುವುದೇ ಇಲ್ಲವೆನ್ನಬಹುದು. ಮರವೂ ಅದೇ, ಉದ್ದವೂ ಅದೇ. ಬದಲಾದುದು ಒತ್ತಡದ ದಿಕ್ಕಿನಲ್ಲಿ ಅದಕ್ಕಿರುವ ಎತ್ತರ ಮಾತ್ರ. ಅಗಲವನ್ನು ಬದಲಿಸದೆ ತೊಲೆಯ ಎತ್ತರವನ್ನು ಇಮ್ಮಡಿ ಮಾಡಿದರೆ ಅದು ತಡೆಯುವ ಹೊರೆ ನಾಲ್ಕು ಮಡಿಯಾಗುತ್ತದೆಂದು ಯಂತ್ರಶಾಸ್ತ್ರ ತಿಳಿಸುತ್ತದೆ.

ವಿಮಾನದ ರೆಕ್ಕೆಯೂ ಒಂದು ತೊಲೆಯೇ ಸರಿ. ಹಾರುವಾಗ ಗಾಳಿ ಅದನ್ನು ಮೇಲಕ್ಕೆ ಒತ್ತುತ್ತದೆ. ಒಡಲಿನ ಭಾರ ನಡುವೆ ಕೆಳಕ್ಕೆ ಎಳೆಯುತ್ತದೆ. ಆದಕಾರಣ ರೆಕ್ಕೆಯ ತುದಿಗಳು ಮೇಲಕ್ಕೆ ಬಾಗಲೆಳಸುತ್ತವೆ. ರೆಕ್ಕೆ ದಪ್ಪವಾಗಿದ್ದರೆ ಇದನ್ನು ತಡೆದೀತು. ಆದರೆ ಮರ, ಬಟ್ಟೆ, ತಂತಿಗಳಷ್ಟೇ ಕೈಗೆ ಸಿಕ್ಕುತ್ತಿದ್ದ ಕಾಲದಲ್ಲಿ ದಪ್ಪವೂ ಹಗುರವೂ ಆದ ಬಲವಾದ ರೆಕ್ಕೆಯನ್ನು ಕಟ್ಟುವುದು ಹೇಗೆ?

ಇದಕ್ಕೆ ಉತ್ತರ ದೊರೆತದ್ದು ರೈಲ್ವೆ ಸೇತುವೆಗಳಿಂದ. ಅಮೆರಿಕದ ಆಕ್ಟೇವ್ ಶನೂಟ್ ಎಂಬಾತ ಸೇತುವೆಗಳನ್ನು ಕಟ್ಟಿ ಹೆಸರಾದ ಎಂಜಿನಿಯರು. ಎರಡು ಉದ್ದದ ತೊಲೆಗಳನ್ನು ಮೇಲೊಂದು ಕೆಳಗೊಂದು ಇಟ್ಟು, ನಡುವೆ ಕಂಬಗಳನ್ನೂ ಓರೆಪಟ್ಟಿಗಳನ್ನೂ ಜೋಡಿಸಿದರೆ ಇಡೀ ಕಟ್ಟಡ ಒಂದೇ ಎತ್ತರದ ತೊಲೆಯಂತೆ ವರ್ತಿಸುತ್ತದೆಂಬುದು ಆತನಿಗೆ ನಿತ್ಯದ ಅನುಭವ. 1896ರಲ್ಲಿ ಆತ ಇದೇ ಉಪಾಯವನ್ನು ಎಂಜಿನಿಲ್ಲದ ಜಾರುವಿಮಾನವೊಂದಕ್ಕೆ ಅಳವಡಿಸಿದ. ಮೇಲಿನ ರೆಕ್ಕೆ ಸೇತುವೆಯ ಮೇಲಿನ ತೊಲೆ, ಕೆಳಗಿನ ರೆಕ್ಕೆ ಅದರ ಕೆಳಗಿನ ತೊಲೆ. ಹಾರುವಾಗ ಮೇಲಿನದು ಒತ್ತಡಕ್ಕೂ ಕೆಳಗಿನದು ಎಳೆತಕ್ಕೂ ಒಳಗಾಗುತ್ತದೆ. ಓರೆತಂತಿಗಳು ಹೊರೆಯನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುತ್ತವೆ. ರೈಟ್ ಸಹೋದರರು ಈ ಕ್ರಮವನ್ನೇ ಅನುಸರಿಸಿದರು.

ಇದರಿಂದ ಇನ್ನೂ ಒಂದು ಲಾಭವುಂಟು. ರೆಕ್ಕೆಯ ಉದ್ದವನ್ನು ಹೆಚ್ಚಿಸದೆಯೇ ಅದರ ಒಟ್ಟು ವಿಸ್ತೀರ್ಣವನ್ನು ಹೆಚ್ಚಿಸಬಹುದು. ಹಡಗಿನಲ್ಲಿ ಇಡಬೇಕಾದ ವಿಮಾನಕ್ಕೆ ಇದು ಸಣ್ಣ ಲಾಭವಲ್ಲ.

ನಷ್ಟವೂ ಇದೆ. ಎರಡು ರೆಕ್ಕೆಗಳು ಹತ್ತಿರ ಹತ್ತಿರ ಇರುವುದರಿಂದ ಒಂದರ ಸುತ್ತಲಿನ ಗಾಳಿಯ ಹರಿವು ಇನ್ನೊಂದರ ಹರಿವನ್ನು ಕೆಡಿಸುತ್ತದೆ. ಬೇರೆ ಬೇರೆಯಾಗಿ ಇದ್ದಾಗ ದೊರೆಯುವಷ್ಟು ಬಲ ಜೊತೆಯಾಗಿ ಇದ್ದಾಗ ದೊರೆಯದು. ಅದಕ್ಕಿಂತ ಹೆಚ್ಚಿನ ನಷ್ಟ ಕಂಬ ತಂತಿಗಳದು. ತೆಳ್ಳನೆಯ ದುಂಡು ತಂತಿಯೊಂದು ಗಾಳಿಗೆ ಒಡ್ಡುವ ತಡೆ, ಮೀನಿನ ಆಕಾರಕ್ಕೆ ನುಣುಪಾಗಿ ರೂಪಿಸಿದ, ಅದರ ಹತ್ತರಷ್ಟು ದಪ್ಪದ ಪಟ್ಟಿಯ ತಡೆಗೆ ಹೆಚ್ಚುಕಡಮೆ ಸಮನಾಗಿರುತ್ತದೆ! ತಂತಿಯ ಹಿಂದೆ ಏಳುವ ಗಾಳಿಯ ಸುಳಿಗಳೇ ಇದಕ್ಕೆ ಕಾರಣ.

ಒಂದು ಸೂತ್ರ, ಎರಡು ಮುಖ

ರೆಕ್ಕೆಯ ಎತ್ತುಬಲ ನಾಲ್ಕು ವಿಷಯಗಳನ್ನು ಅವಲಂಬಿಸಿದೆ: ಗಾಳಿಯ ಸಾಂದ್ರತೆ, ರೆಕ್ಕೆಯ ವಿಸ್ತೀರ್ಣ, ವೇಗದ ವರ್ಗ, ಮತ್ತು ರೆಕ್ಕೆಯ ಆಕಾರ ಹಾಗೂ ಓರೆಗಳಿಗೆ ತಕ್ಕ ಒಂದು ಗುಣಾಂಕ. ಇವೆಲ್ಲವನ್ನೂ ಗುಣಿಸಿ ಎರಡರಿಂದ ಭಾಗಿಸಿದರೆ ಎತ್ತುಬಲ ದೊರೆಯುತ್ತದೆ. ವಿಮಾನ ಗಾಳಿಯಲ್ಲಿ ನಿಲ್ಲಬೇಕಾದರೆ ಈ ಬಲ ಅದರ ತೂಕಕ್ಕೆ ಸಮನಾಗಿರಬೇಕು.

ಸ್ವೋರ್ಡ್‌ಫಿಷ್ ವಿಮಾನದ ಅಂಕಿಗಳನ್ನು ಇದಕ್ಕೆ ಹಾಕಿ ನೋಡೋಣ. ಫೇರಿ ಎಂಬ ಬ್ರಿಟಿಷ್ ಸಂಸ್ಥೆ ಸಿದ್ಧಪಡಿಸಿದ ಇದರ ಮೂಲಮಾದರಿ 1934ರಲ್ಲಿ ಹಾರಿತು. 1936ರಲ್ಲಿ ವಿಮಾನ ನೌಕಾಪಡೆಯ ಸೇವೆಗೆ ಸೇರಿತು. ಲೋಹದ ಹಂದರ, ಅದರ ಮೇಲೆ ಬಟ್ಟೆಯ ಹೊದಿಕೆ, 690 ಅಶ್ವಶಕ್ತಿಯ ಒಂದು ಎಂಜಿನು, ಮೇಲೆ ಮುಚ್ಚಳವಿಲ್ಲದ ಆಸನಗಳಲ್ಲಿ ಮೂವರು ಯೋಧರು. ತುಂಬಿದ ವಿಮಾನದ ದ್ರವ್ಯರಾಶಿ ಸುಮಾರು 3,400 ಕಿಲೋಗ್ರಾಂ, ಎಂದರೆ ತೂಕ ಸುಮಾರು 33,000 ನ್ಯೂಟನ್. ರೆಕ್ಕೆಗಳ ಒಟ್ಟು ವಿಸ್ತೀರ್ಣ 56 ಚದರ ಮೀಟರು. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.2 ಕಿಲೋಗ್ರಾಂ. ಗುಣಾಂಕದ ಅತಿ ಹೆಚ್ಚಿನ ಬೆಲೆ ಸುಮಾರು 1.5 ಎಂದು ಇಟ್ಟುಕೊಳ್ಳೋಣ. ಆಗ ಎತ್ತುಬಲವು ವೇಗದ ವರ್ಗದ 50 ಮಡಿಯಷ್ಟಾಗುತ್ತದೆ. ಇದು 33,000ಕ್ಕೆ ಸಮನಾಗಲು ವೇಗ ಸೆಕೆಂಡಿಗೆ ಸುಮಾರು 26 ಮೀಟರು, ಎಂದರೆ ಗಂಟೆಗೆ ಸುಮಾರು 92 ಕಿಲೋಮೀಟರು ಇದ್ದರೆ ಸಾಕು. ರೆಕ್ಕೆಯ ವಿಸ್ತೀರ್ಣ ಇದರ ಅರ್ಧದಷ್ಟಿದ್ದಿದ್ದರೆ ಕನಿಷ್ಠ ವೇಗ ಗಂಟೆಗೆ 130 ಕಿಲೋಮೀಟರಾಗುತ್ತಿತ್ತು.

ಇದು ಸೂತ್ರದ ಮೊದಲ ಮುಖ. ಎರಡನೆಯ ಮುಖವನ್ನು ನೋಡೋಣ. ಗಾಳಿಯ ತಡೆಯೂ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ತಡೆಯನ್ನು ವೇಗದಿಂದ ಗುಣಿಸಿದರೆ ಬರುವುದೇ ಎಂಜಿನು ಒದಗಿಸಬೇಕಾದ ಸಾಮರ್ಥ್ಯ. ಆದುದರಿಂದ ಸಾಮರ್ಥ್ಯವು ಸ್ಥೂಲವಾಗಿ ವೇಗದ ಘನಕ್ಕೆ ಅನುಗುಣವಾಗಿ ಹೆಚ್ಚಬೇಕು. ಟಾರ್ಪೆಡೊ ಹೊತ್ತ ಸ್ವೋರ್ಡ್‌ಫಿಷ್‌ನ ಗರಿಷ್ಠ ವೇಗ ಗಂಟೆಗೆ 220ರಿಂದ 230 ಕಿಲೋಮೀಟರು. ಅದೇ ಕಂಬ, ಅದೇ ತಂತಿ, ಅದೇ ರೆಕ್ಕೆಗಳನ್ನು ಇಟ್ಟುಕೊಂಡು ವೇಗವನ್ನು ಇಮ್ಮಡಿ ಮಾಡಬೇಕಾದರೆ 690 ಅಶ್ವಶಕ್ತಿಗೆ ಬದಲಾಗಿ ಅದರ ಎಂಟರಷ್ಟು, ಎಂದರೆ 5,500 ಅಶ್ವಶಕ್ತಿ ಬೇಕಾಗುತ್ತಿತ್ತು! ಕಂಬ ತಂತಿಗಳನ್ನು ಕಳಚಿಹಾಕದೆ ಬೇರೆ ದಾರಿಯಿರಲಿಲ್ಲ. ನಿಧಾನವಾಗಿ ಹಾರಬಲ್ಲ ಗುಣವನ್ನು ಕೊಟ್ಟ ರಚನೆಯೇ ಬೇಗ ಹಾರುವ ಶಕ್ತಿಯನ್ನು ಕಿತ್ತುಕೊಂಡಿತು.

ತೊಯ್ದಾಡುವ ಹಡಗಿನ ಮೇಲೆ

ಈ ನಿಧಾನದ ಬೆಲೆ ತಿಳಿಯಬೇಕಾದರೆ ವಿಮಾನವಾಹಕ ನೌಕೆಯ ಮೇಲಟ್ಟಕ್ಕೆ ಹೋಗಬೇಕು. ವಿಮಾನಕ್ಕೆ ಮುಖ್ಯವಾದುದು ಗಾಳಿಗೆ ಹೋಲಿಸಿದ ವೇಗವೇ ಹೊರತು ಹಡಗಿಗೆ ಹೋಲಿಸಿದ ವೇಗವಲ್ಲ. ಹಡಗು ಗಾಳಿಗೆ ಎದುರಾಗಿ ಸೆಕೆಂಡಿಗೆ 8 ಮೀಟರಿನಂತೆ ಸಾಗುತ್ತಿದೆ. ಎದುರುಗಾಳಿಯ ವೇಗ 10 ಮೀಟರು. ಆಗ ನಿಂತ ವಿಮಾನದ ರೆಕ್ಕೆಗೂ 18 ಮೀಟರು ವೇಗದ ಗಾಳಿ ಬಡಿಯುತ್ತಿರುತ್ತದೆ. ಏರಲು 27 ಮೀಟರು ವೇಗ ಬೇಕಾದ ವಿಮಾನ ಅಟ್ಟದ ಮೇಲೆ ಓಡಿ ಗಳಿಸಬೇಕಾದುದು ಉಳಿದ 9 ಮೀಟರನ್ನು ಮಾತ್ರ. ಏರಲು 45 ಮೀಟರು ವೇಗ ಬೇಕಾದ ಇನ್ನೊಂದು ವಿಮಾನವಾದರೋ 27 ಮೀಟರನ್ನು ಗಳಿಸಬೇಕು. ವೇಗೋತ್ಕರ್ಷ ಒಂದೇ ಆಗಿದ್ದರೆ ಓಡುವ ದೂರ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಎರಡನೆಯದಕ್ಕೆ ಮೊದಲನೆಯದರ ಒಂಬತ್ತರಷ್ಟು ದೂರ ಬೇಕು. ಬಿರುಗಾಳಿಯಲ್ಲಿ ಹಡಗಿನ ಮೂತಿ ಏಳುತ್ತ ಬೀಳುತ್ತ ಇರುವಾಗ ಇಳಿಯಬೇಕಾದ ಚಾಲಕನಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಇನ್ನು ಆಯುಧದ ಮಾತು. ಟಾರ್ಪೆಡೊ ಎಂಬುದು ನೀರಿನೊಳಗೆ ತಾನಾಗಿಯೇ ಓಡುವ, ಸಿಡಿಮದ್ದು ತುಂಬಿದ ಸಣ್ಣ ನೌಕೆ. ಸ್ವೋರ್ಡ್‌ಫಿಷ್ ಹೊರುತ್ತಿದ್ದ ಟಾರ್ಪೆಡೊ 45 ಸೆಂಟಿಮೀಟರು ವ್ಯಾಸದ್ದು, ಸುಮಾರು 700 ಕಿಲೋಗ್ರಾಂ ಭಾರದ್ದು. ಅದರ ಹೊಟ್ಟೆಯಲ್ಲಿ ದಿಕ್ಕನ್ನು ಕಾಯುವ ಭ್ರಮಣದರ್ಶಕ, ಆಳವನ್ನು ಕಾಯುವ ಕವಾಟ ಮುಂತಾದ ನಾಜೂಕಿನ ಯಂತ್ರಗಳಿದ್ದವು. ಇಂಥದನ್ನು ಆಕಾಶದಿಂದ ನೀರಿಗೆ ಎಸೆಯುವುದು ಸುಲಭವಲ್ಲ.

18 ಮೀಟರು ಎತ್ತರದಲ್ಲಿ, ಸೆಕೆಂಡಿಗೆ 45 ಮೀಟರು ವೇಗದಲ್ಲಿ ಹಾರುವ ವಿಮಾನದಿಂದ ಟಾರ್ಪೆಡೊ ಬಿದ್ದರೆ ನೀರನ್ನು ಮುಟ್ಟಲು ಸುಮಾರು 1.9 ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಕೆಳಮುಖ ವೇಗ ಸುಮಾರು 19 ಮೀಟರಾಗುತ್ತದೆ. ಎರಡು ವೇಗಗಳನ್ನೂ ಪೈಥಾಗೊರಸನ ಪ್ರಮೇಯದಂತೆ ಸೇರಿಸಿದರೆ ನೀರಿಗೆ ಬಡಿಯುವ ವೇಗ ಸುಮಾರು 49 ಮೀಟರು. ವಿಮಾನ 90 ಮೀಟರು ವೇಗದಲ್ಲಿ ಹಾರಿದ್ದರೆ ಬಡಿಯುವ ವೇಗ 92 ಮೀಟರಾಗಿ, ಚಲನಶಕ್ತಿ ಮೂರೂವರೆ ಮಡಿಯಾಗುತ್ತಿತ್ತು. ಆ ಪೆಟ್ಟಿಗೆ ಒಳಗಿನ ಯಂತ್ರಗಳು ಕೆಡುವ ಸಂಭವ ಹೆಚ್ಚು. ಹೀಗಾಗಿ ಅಂದಿನ ಟಾರ್ಪೆಡೊಗಳಿಗೆ ತಗ್ಗಾಗಿ, ಮೆಲ್ಲಗೆ ಹಾರುವ ವಿಮಾನವೇ ತಕ್ಕ ವಾಹನವಾಗಿದ್ದಿತು.

ಗೆಲುವಿನ ಎರಡು ರಾತ್ರಿಗಳು

1940ರ ನವೆಂಬರ್ 11ರ ರಾತ್ರಿ ಇಲಸ್ಟ್ರಿಯಸ್ ಎಂಬ ವಿಮಾನವಾಹಕದಿಂದ 21 ಸ್ವೋರ್ಡ್‌ಫಿಷ್ ವಿಮಾನಗಳು ಎರಡು ತಂಡಗಳಾಗಿ ಹೊರಟವು. ಅವುಗಳ ಗುರಿ ಇಟಲಿಯ ಟರಾಂಟೊ ಬಂದರು. ಅಲ್ಲಿ ಆರು ದೊಡ್ಡ ಯುದ್ಧನೌಕೆಗಳು ಲಂಗರು ಹಾಕಿದ್ದವು. ಬಂದರಿನ ನೀರು ಕೇವಲ 12 ಮೀಟರಿನಷ್ಟು ಆಳ. ಮೂತಿ ಕೆಳಗಾಗಿ ಬಿದ್ದ ಟಾರ್ಪೆಡೊ ಅಷ್ಟು ನೀರಿನಲ್ಲಿ ನೇರವಾಗಿ ಕೆಸರಿಗೆ ನಾಟಿಕೊಳ್ಳುತ್ತಿತ್ತು. ಆದುದರಿಂದ ಒಂದು ಸರಳವಾದ ಉಪಾಯವನ್ನು ಹೂಡಿದರು. ವಿಮಾನದ ಮುಂಭಾಗದ ಕೆಳಗೆ ತಂತಿ ಸುತ್ತಿದ ಉರುಳೆಯೊಂದನ್ನು ಕಟ್ಟಿ, ತಂತಿಯ ತುದಿಯನ್ನು ಟಾರ್ಪೆಡೊದ ಮೂತಿಗೆ ಸಿಕ್ಕಿಸಿದರು. ಟಾರ್ಪೆಡೊ ಬೀಳುವಾಗ ಬಿಚ್ಚಿಕೊಳ್ಳುವ ತಂತಿ ಅದರ ಮೂತಿಯನ್ನು ಮೇಲಕ್ಕೆ ಜಗ್ಗುತ್ತಿತ್ತು. ಟಾರ್ಪೆಡೊ ತಲೆಕೆಳಗಾಗಿ ಧುಮುಕದೆ ಹೊಟ್ಟೆಯ ಮೇಲೆ ನೀರಿಗೆ ಬೀಳುತ್ತಿತ್ತು.

ಕೆಲವು ವಿಮಾನಗಳು ಉರಿಯುವ ದೀಪಗಳನ್ನು ಆಕಾಶದಲ್ಲಿ ತೂಗಬಿಟ್ಟವು. ಆ ಬೆಳಕಿನೆದುರು ನೌಕೆಗಳ ಆಕಾರ ಕಪ್ಪಾಗಿ ಕಾಣುವಂತಾಯಿತು. ಟಾರ್ಪೆಡೊ ಹೊತ್ತ 11 ವಿಮಾನಗಳು ನೀರಿಗೆ ತಾಗುವಂತೆ ತಗ್ಗಾಗಿ ಬಂದು ಮೂರು ಯುದ್ಧನೌಕೆಗಳಿಗೆ ಪೆಟ್ಟು ಕೊಟ್ಟವು. ಅವುಗಳಲ್ಲಿ ಕಾಂಟೆ ದಿ ಕಾವೂರ್ ಎಂಬುದು ಯುದ್ಧಕ್ಕೆ ಮತ್ತೆಂದೂ ಮರಳಲಿಲ್ಲ. ದಾಳಿ ಮಾಡಿದವರು ಕಳೆದುಕೊಂಡದ್ದು ಎರಡು ವಿಮಾನಗಳನ್ನು. ಇಬ್ಬರು ಸತ್ತರು, ಇಬ್ಬರು ಸೆರೆಸಿಕ್ಕರು.

ಎರಡನೆಯದು 1941ರ ಮೇ 26ರ ರಾತ್ರಿಯ ಮುಂಚಿನ ಮಬ್ಬುಹೊತ್ತು. ಹುಡ್ ಎಂಬ ಬ್ರಿಟಿಷ್ ಹಡಗನ್ನು ಎರಡು ದಿನಗಳ ಹಿಂದೆ ಮುಳುಗಿಸಿದ್ದ ಜರ್ಮನಿಯ ಮಹಾನೌಕೆ ಬಿಸ್ಮಾರ್ಕ್ ಫ್ರಾನ್ಸಿನ ತೀರದತ್ತ ಓಡುತ್ತಿತ್ತು. ಆರ್ಕ್ ರಾಯಲ್ ಎಂಬ ವಿಮಾನವಾಹಕದ ಅಟ್ಟ ಅಟ್ಲಾಂಟಿಕಿನ ಅಲೆಗಳಲ್ಲಿ ಹಲವು ಮೀಟರುಗಳಷ್ಟು ಏರಿ ಇಳಿಯುತ್ತಿತ್ತು. ಆ ಅಟ್ಟದಿಂದ 15 ಸ್ವೋರ್ಡ್‌ಫಿಷ್‌ಗಳು ಏರಿದವು. ನಾವು ಮೇಲೆ ಹಾಕಿದ ಲೆಕ್ಕದ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ವೇಗದ ವಿಮಾನಕ್ಕೆ ಅಂಥ ಹವೆಯಲ್ಲಿ ಏರುವುದೂ ಇಳಿಯುವುದೂ ಬಹು ಕಷ್ಟ. ಒಂದು ಟಾರ್ಪೆಡೊ ಬಿಸ್ಮಾರ್ಕಿನ ಹಿಂಭಾಗಕ್ಕೆ ತಗುಲಿ ಅದರ ಚುಕ್ಕಾಣಿಗಳು ಓರೆಯಾಗಿಯೇ ಸಿಕ್ಕಿಬಿದ್ದವು. ನೇರವಾಗಿ ಸಾಗಲಾರದ ನೌಕೆಯನ್ನು ಮರುದಿನ ಬೆಳಗ್ಗೆ ಬ್ರಿಟಿಷ್ ಹಡಗುಗಳು ಸುತ್ತುಗಟ್ಟಿದವು, ಅದು ಮುಳುಗಿತು. ದಾಳಿಮಾಡಿದ ವಿಮಾನಗಳಲ್ಲಿ ಒಂದನ್ನೂ ಬಿಸ್ಮಾರ್ಕಿನ ಫಿರಂಗಿಗಳು ಕೆಡವಲಿಲ್ಲ.

ಈ ಎರಡು ಗೆಲುವುಗಳಲ್ಲಿಯೂ ಸಮಾನವಾದ ಒಂದು ಅಂಶವನ್ನು ವಾಚಕರು ಗುರುತಿಸಬೇಕು. ಎರಡು ಕಡೆಯೂ ಕತ್ತಲೆ ಇಲ್ಲವೆ ಮೋಡ ಇದ್ದಿತು. ಎರಡು ಕಡೆಯೂ ಆಕಾಶದಲ್ಲಿ ಶತ್ರುಗಳ ಬೇಟೆವಿಮಾನಗಳು ಇರಲಿಲ್ಲ.

ಹಗಲಿನ ಬೆಳಕಿನಲ್ಲಿ

1942ರ ಫೆಬ್ರುವರಿ 12ರಂದು ಸ್ಥಿತಿ ಬೇರೆಯಾಗಿದ್ದಿತು. ಶಾರ್ನ್‌ಹಾರ್ಸ್ಟ್, ನೈಸೆನೌ, ಪ್ರಿನ್ಸ್ ಆಯ್ಗನ್ ಎಂಬ ಮೂರು ಜರ್ಮನ್ ನೌಕೆಗಳು ಫ್ರಾನ್ಸಿನ ಬ್ರೆಸ್ಟ್ ಬಂದರಿನಿಂದ ಹೊರಟು, ಇಂಗ್ಲಿಷ್ ಕಾಲುವೆಯ ಮೂಲಕ ಹಾಡುಹಗಲಿನಲ್ಲಿ ತಾಯ್ನಾಡಿಗೆ ಹೋಗುತ್ತಿದ್ದವು. ಸುತ್ತಲೂ ಬೆಂಗಾವಲಿನ ಹಡಗುಗಳು, ಮೇಲೆ ತಂಡತಂಡವಾಗಿ ಜರ್ಮನ್ ಬೇಟೆವಿಮಾನಗಳು. ಅವುಗಳನ್ನು ತಡೆಯಲು ಇಂಗ್ಲೆಂಡಿನ ಮ್ಯಾನ್‌ಸ್ಟನ್ ನಿಲ್ದಾಣದಿಂದ ಆರು ಸ್ವೋರ್ಡ್‌ಫಿಷ್‌ಗಳು ಹೊರಟವು. ಮುಂದಾಳು ಯೂಜೀನ್ ಎಸ್ಮಂಡ್. ಬಿಸ್ಮಾರ್ಕಿನ ಮೇಲೆ ಮೇ 24ರಂದು ನಡೆದ ಮೊದಲ ವಿಮಾನದಾಳಿಯ ನಾಯಕನೂ ಈತನೇ. ಕಾವಲಿಗೆ ಬರಬೇಕಾಗಿದ್ದ ವಿಮಾನಗಳ ಪೈಕಿ ಹೊತ್ತಿಗೆ ಸರಿಯಾಗಿ ಬಂದುವು ಹತ್ತು ಮಾತ್ರ. ಇನ್ನು ಕಾಯುವಂತಿರಲಿಲ್ಲ. ಎಸ್ಮಂಡ್ ಹೊರಟೇಬಿಟ್ಟ.

ಇಲ್ಲಿ ಒಂದು ಸಂದೇಹ ಬರಬಹುದು. ನಿಧಾನವಾಗಿ ಹಾರುವ ವಿಮಾನ ಬಹಳ ಚಿಕ್ಕ ವೃತ್ತದಲ್ಲಿ ತಿರುಗಬಲ್ಲದಲ್ಲವೆ? ಹೌದು. ವಿಮಾನ 45 ಅಂಶ ಓರೆಯಾಗಿ ತಿರುಗುವಾಗ ಅದರ ವೃತ್ತದ ತ್ರಿಜ್ಯವು ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿದಷ್ಟು. 40 ಮೀಟರು ವೇಗಕ್ಕೆ ಇದು ಸುಮಾರು 160 ಮೀಟರು. 140 ಮೀಟರು ವೇಗದ ಬೇಟೆವಿಮಾನಕ್ಕೆ 2,000 ಮೀಟರು. ಸ್ವೋರ್ಡ್‌ಫಿಷ್ ತಿರುತಿರುಗಿ ತಪ್ಪಿಸಿಕೊಳ್ಳಬೇಕಿತ್ತು.

ಆದರೆ ಟಾರ್ಪೆಡೊ ಹಾಕಲು ಹೊರಟವನಿಗೆ ತಿರುಗುವ ಸ್ವಾತಂತ್ರ್ಯವಿಲ್ಲ. ಟಾರ್ಪೆಡೊ ನೀರಿನಲ್ಲಿ ಸೆಕೆಂಡಿಗೆ 20 ಮೀಟರಿನಷ್ಟು ಓಡುತ್ತದೆ. ಒಂದು ಕಿಲೋಮೀಟರು ದೂರದಿಂದ ಹಾಕಿದರೆ ಗುರಿ ತಲಪಲು 50 ಸೆಕೆಂಡು ಬೇಕು. ಅಷ್ಟರಲ್ಲಿ ವೇಗದ ನೌಕೆ 700 ಮೀಟರು ಮುಂದೆ ಹೋಗಿರುತ್ತದೆ. ಆ ಮುಂದಿನ ಬಿಂದುವಿಗೆ ಗುರಿಯಿಟ್ಟು, ತಗ್ಗಾಗಿ, ನೇರವಾಗಿ, ಒಂದೇ ವೇಗದಲ್ಲಿ ಹಾರಲೇಬೇಕು. ಫಿರಂಗಿಗಳ ಐದು ಕಿಲೋಮೀಟರು ವ್ಯಾಪ್ತಿಯನ್ನು ಸೆಕೆಂಡಿಗೆ 45 ಮೀಟರಿನಂತೆ ದಾಟಲು 110 ಸೆಕೆಂಡಿಗೂ ಹೆಚ್ಚು ಕಾಲ ಬೇಕು. ಮೂರು ಮಡಿ ವೇಗದ ವಿಮಾನವಾದರೆ 40 ಸೆಕೆಂಡಿನೊಳಗೆ ದಾಟೀತು. ಕತ್ತಲಲ್ಲಿ ಆ 110 ಸೆಕೆಂಡುಗಳನ್ನು ಸಹಿಸಬಹುದಾಗಿತ್ತು. ಹಗಲಿನಲ್ಲಿ, ಹಿಂದೆ ಬೇಟೆವಿಮಾನ, ಮುಂದೆ ಫಿರಂಗಿ ಇರುವಾಗ ಅದು ಮುಗಿಯದ ಕಾಲ.

ಆರು ವಿಮಾನಗಳೂ ಸಮುದ್ರಕ್ಕೆ ಬಿದ್ದವು. ಒಂದು ಟಾರ್ಪೆಡೊವೂ ಗುರಿಗೆ ತಗುಲಲಿಲ್ಲ. ಹೋದ 18 ಜನರಲ್ಲಿ 13 ಮಂದಿ ಸತ್ತರು, ಬದುಕಿದವರು ಐವರು. ಎಸ್ಮಂಡನಿಗೆ ಮರಣಾನಂತರ ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಸಂದಿತು. ಧೈರ್ಯವನ್ನು ಅಂಕಿಗಳಿಂದ ಅಳೆಯಲಾಗದು. ಆದರೆ ಧೈರ್ಯವೂ ಅಂಕಿಗಳನ್ನು ಬದಲಿಸಲಾರದು.

ತಕ್ಕ ಕೆಲಸ

ಕಥೆ ಇಲ್ಲಿಗೇ ಮುಗಿದಿದ್ದರೆ ಸ್ವೋರ್ಡ್‌ಫಿಷ್ ಹಳತಾದ ಯಂತ್ರವೆಂದು ಹೇಳಿ ಸುಮ್ಮನಾಗಬಹುದಿತ್ತು. ನಡೆದುದು ಬೇರೆ. ಆ ವಿಮಾನಕ್ಕೆ ರಾಡಾರನ್ನೂ ರಾಕೆಟ್ಟುಗಳನ್ನೂ ಅಳವಡಿಸಿ, ಶತ್ರುವಿನ ಬೇಟೆವಿಮಾನಗಳು ಬರಲಾರದ ನಡುಗಡಲಿಗೆ ಕಳುಹಿಸಿದರು. ಧಾನ್ಯ ಸಾಗಿಸುವ ವ್ಯಾಪಾರದ ಹಡಗುಗಳ ಮೇಲೆಯೇ ಮೋಟುಗಾತ್ರದ ಅಟ್ಟವೊಂದನ್ನು ಕಟ್ಟಿ, ಹೊಟ್ಟೆಯಲ್ಲಿ ಧಾನ್ಯ, ಬೆನ್ನಿನ ಮೇಲೆ ಮೂರು ನಾಲ್ಕು ಸ್ವೋರ್ಡ್‌ಫಿಷ್‌ಗಳು ಎಂಬಂತೆ ಸಿದ್ಧಗೊಳಿಸಿದರು. ಅಂಥ ಕಿರಿದಾದ ಅಟ್ಟದಿಂದ ಏರಿ ಇಳಿಯುವುದು ಆ ವಿಮಾನಕ್ಕೆ ಸಾಧ್ಯವಾಗಿತ್ತು. ಅವು ಗಂಟೆಗಟ್ಟಲೆ ಮೆಲ್ಲಗೆ ಸುತ್ತುತ್ತ ಜಲಾಂತರ್ಗಾಮಿಗಳನ್ನು ಹುಡುಕಿದವು. ಅದರ ಸ್ಥಾನಕ್ಕೆಂದು ತಯಾರಾಗಿದ್ದ ಆಲ್ಬಕೋರ್ ಎಂಬ ಇನ್ನೊಂದು ಜೋಡಿರೆಕ್ಕೆಯ ವಿಮಾನ ಮೊದಲೇ ನಿವೃತ್ತವಾಯಿತು. ಸ್ವೋರ್ಡ್‌ಫಿಷ್ ಯುರೋಪಿನ ಯುದ್ಧ ಮುಗಿಯುವ 1945ರವರೆಗೂ ದುಡಿಯಿತು. ಒಟ್ಟು ತಯಾರಾದ ವಿಮಾನಗಳು 2,400ಕ್ಕೆ ಹತ್ತಿರ.

ನಾವಿಕರು ಅದನ್ನು ಸಲಿಗೆಯಿಂದ ಕರೆಯುತ್ತಿದ್ದುದು ‘ಸ್ಟ್ರಿಂಗ್‌ಬ್ಯಾಗ್’ ಎಂದು. ಹೆಂಗಸರು ಸಂತೆಗೆ ಒಯ್ಯುವ ದಾರದ ಹೆಣಿಗೆಯ ಚೀಲಕ್ಕೆ ಆ ಹೆಸರು. ಏನು ತುಂಬಿದರೂ ಅದು ಹಿಡಿಸುತ್ತದೆ.

ವಿದ್ಯಾರ್ಥಿಗಳು ಸೂತ್ರಗಳನ್ನು ಬಾಯಿಪಾಠ ಮಾಡುವಾಗ ವೇಗದ ತಲೆಯ ಮೇಲಿರುವ ಆ ಪುಟ್ಟ 2 ಎಂಬ ಅಂಕಿಯನ್ನು ಅಷ್ಟಾಗಿ ಗಮನಿಸುವುದಿಲ್ಲ. ಬಿರುಗಾಳಿಯಲ್ಲಿ ಮೂವರನ್ನು ಹೊತ್ತ ವಿಮಾನ ಅಲೆಯ ಮೇಲಿನ ಅಟ್ಟಕ್ಕೆ ಕ್ಷೇಮವಾಗಿ ಇಳಿದುದಕ್ಕೆ ಅದೇ ಕಾರಣ. ಹಗಲಿನ ಕಾಲುವೆಯಲ್ಲಿ ಅದೇ ವಿಮಾನ ಓಡಿ ಪಾರಾಗಲಾರದೆ ಹೋದುದಕ್ಕೂ ಅದೇ ಕಾರಣ. ಯಂತ್ರವೊಂದನ್ನು ಒಳ್ಳೆಯದೆಂದೋ ಕೆಟ್ಟದೆಂದೋ ತೀರ್ಮಾನಿಸುವ ಮೊದಲು ಅದು ಯಾವ ಕೆಲಸಕ್ಕೆ, ಯಾವ ಸ್ಥಿತಿಯಲ್ಲಿ ಎಂದು ಕೇಳಬೇಕು. ಟರಾಂಟೊದಲ್ಲಿ ಸರಿಯಾದ ಉತ್ತರವಾಗಿದ್ದುದು ಇಂಗ್ಲಿಷ್ ಕಾಲುವೆಯಲ್ಲಿ ಸರಿಯಾಗಲಿಲ್ಲ, ಏಕೆಂದರೆ ಅಲ್ಲಿ ಪ್ರಶ್ನೆಯೇ ಬೇರೆಯಾಗಿದ್ದಿತು.